ಪಾರಾದರು ಸರಿ, ಹೆಲಿಕಾಪ್ಟರ್ ಏನಾಯಿತು?

‘ಕೂದಲೆಳೆ ಅಂತರದಲ್ಲಿ ಪಾರು’, ‘ತಪ್ಪಿದ ಭಾರಿ ಅನಾಹುತ’, ‘ಅದೃಷ್ಟವಶಾತ್ ಯಾರಿಗೂ ಅಪಾಯವಾಗಿಲ್ಲ’. ಹೆಲಿಕಾಪ್ಟರ್ ಒಂದು ಧೊಪ್ಪನೆ ನೆಲಕ್ಕೆ ಬಡಿದ ದಿನ ಯಾವ ಪೇಪರ್ ತೆರೆದರೂ, ಯಾವ ಚಾನೆಲ್ ಹಾಕಿದರೂ ಈ ಮೂರರಲ್ಲಿ ಒಂದು ಶೀರ್ಷಿಕೆ ಸಿಗುತ್ತದೆ. ಕೆಳಗೆ ಎರಡು ಪ್ಯಾರಾ. ಒಳಗೆ ಯಾರಿದ್ದರು, ಎಲ್ಲಿಗೆ ಹೊರಟಿದ್ದರು, ‘ತಾಂತ್ರಿಕ ದೋಷವೇ ಘಟನೆಗೆ ಕಾರಣ ಎನ್ನಲಾಗಿದೆ’. ಅಲ್ಲಿಗೆ ಮುಗಿಯಿತು. ಮರುದಿನ ಆ ಯಂತ್ರ ಎಲ್ಲಿಗೆ ಹೋಯಿತು, ಯಾರು ಪರೀಕ್ಷೆ ಮಾಡಿದರು, ಮತ್ತೆ ಹಾರಿದ್ದರೆ ಯಾರ ಸಹಿಯ ಮೇಲೆ ಹಾರಿತು ಎಂಬ ಸುದ್ದಿ ಬರುವುದಿಲ್ಲ. ‘ಎನ್ನಲಾಗಿದೆ’ ಅಂದವರು ಯಾರು ಎಂಬುದೂ ಗೊತ್ತಾಗುವುದಿಲ್ಲ.

ನಮ್ಮ ತಕರಾರು ಇರುವುದು ಈ ಅಭ್ಯಾಸದ ಮೇಲೆ. ಜನ ಸತ್ತರೆ ತನಿಖೆ ಸುದ್ದಿ, ಬದುಕಿದರೆ ದೇವರ ದಯೆ ಎಂಬ ಲೆಕ್ಕ ಸುದ್ದಿಮನೆಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಎಲ್ಲರೂ ಬದುಕಿ ಯಂತ್ರ ಮಾತ್ರ ಮುರಿದ ಘಟನೆಯೇ ತನಿಖೆಗೆ ಹೆಚ್ಚು ಬೆಲೆಯುಳ್ಳದ್ದು ಎಂಬುದು ನಮ್ಮ ವಾದ. ಬೆಂಕಿ ಹತ್ತಿ ಎಲ್ಲವೂ ಬೂದಿಯಾಗಿರುವುದಿಲ್ಲ, ಕಂದಕಕ್ಕೆ ಬಿದ್ದು ಚೂರಾಗಿರುವುದಿಲ್ಲ. ಪೈಲಟ್ ಮಾತಾಡಬಲ್ಲರು. ಮುರಿದ ಭಾಗ ಕಣ್ಣೆದುರೇ ಇರುತ್ತದೆ. ಇಷ್ಟು ಸಾಕ್ಷಿ ಕೈಯಲ್ಲಿರುವಾಗ ಅದನ್ನು ಬಿಟ್ಟು ಎದ್ದು ಬರುವುದು ಎಂಥ ಪತ್ರಿಕೋದ್ಯಮ?

2025ರ ಮೇ 17ರ ಕೇದಾರನಾಥದ ವಿಡಿಯೊ ನೀವೂ ನೋಡಿರುತ್ತೀರಿ. ಋಷಿಕೇಶದ ಏಮ್ಸ್ ಆಸ್ಪತ್ರೆಯ ‘ಸಂಜೀವನಿ’ ಹೆಲಿ ಆಂಬುಲೆನ್ಸ್ ರೋಗಿಯೊಬ್ಬರನ್ನು ಕರೆತರಲು ಬೆಟ್ಟಕ್ಕೆ ಹೋಗಿತ್ತು. ಹೆಲಿಪ್ಯಾಡ್ ಕಣ್ಣಳತೆಯಲ್ಲೇ ಇತ್ತು. ಅಷ್ಟರಲ್ಲಿ ಅದು ತಿರುಗಿ, ನೆಲಕ್ಕೆ ಬಡಿದು, ಬಾಲ ಮುರಿಯಿತು. ಒಳಗಿದ್ದ ವೈದ್ಯರು, ನರ್ಸಿಂಗ್ ಸಿಬ್ಬಂದಿ, ಪೈಲಟ್ ಮೂವರೂ ಉಳಿದರು. ಸಂತೋಷ. ಆದರೆ ಅದು 2024ರ ಅಕ್ಟೋಬರ್ ಕೊನೆಗೆ ಪ್ರಧಾನಿಯವರೇ ಚಾಲನೆ ಕೊಟ್ಟಿದ್ದ ಸೇವೆ. ಕಾಯಿಲೆ ಬಿದ್ದವರನ್ನು ಹೊತ್ತು ತರಬೇಕಾದ ಯಂತ್ರ ಏಳು ತಿಂಗಳೊಳಗೆ ಬಾಲ ಮುರಿದುಕೊಂಡು ಕಲ್ಲಿನ ಮೇಲೆ ಕೂತಿತ್ತು. ಆ ವಿಡಿಯೊ ಎರಡು ದಿನ ಓಡಿತು. ಆಮೇಲೆ ಬೇರೆ ವಿಡಿಯೊ ಬಂತು.

ಹಾರ್ಡ್ ಲ್ಯಾಂಡಿಂಗ್ ಅಂದರೆ ಏನು ಎಂಬುದನ್ನು ನಮ್ಮ ಓದುಗರಿಗೆ ಯಾರೂ ಬಿಡಿಸಿ ಹೇಳಿಲ್ಲ, ಹೇಳಿಬಿಡೋಣ. ಯಂತ್ರ ತಡೆದುಕೊಳ್ಳಬಲ್ಲ ಮಿತಿಗಿಂತ ಹೆಚ್ಚು ವೇಗದಲ್ಲಿ ನೆಲ ಮುಟ್ಟುವುದೇ ಹಾರ್ಡ್ ಲ್ಯಾಂಡಿಂಗ್. ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ಬಹಳಷ್ಟಕ್ಕೆ ಚಕ್ರ ಇರುವುದಿಲ್ಲ. ಸ್ಕಿಡ್ ಎನ್ನುವ ಉದ್ದನೆಯ ಕೊಳವೆಗಳ ಮೇಲೆ ಅವು ಕೂರುತ್ತವೆ. ಸ್ಕಿಡ್‌ಗಳನ್ನು ಒಡಲಿಗೆ ಕಟ್ಟಿದ ಅಡ್ಡ ಕೊಳವೆಗಳನ್ನು ಪೆಟ್ಟು ಬಿದ್ದಾಗ ಬಾಗಲೆಂದೇ ಮಾಡಿರುತ್ತಾರೆ. ತಾವು ಬಾಗಿ, ಒಳಗೆ ಕೂತವರ ಬೆನ್ನುಮೂಳೆ ಉಳಿಸುತ್ತವೆ. ಆದ್ದರಿಂದಲೇ ಮೆಕ್ಯಾನಿಕ್ ಬಂದ ಕೂಡಲೇ ನೋಡುವುದು ಎರಡು ಸ್ಕಿಡ್‌ಗಳ ನಡುವಿನ ಅಂತರವನ್ನು. ಎರಡೂ ಸಮನಾಗಿ ಅಗಲವಾಗಿದ್ದರೆ ನೇರವಾಗಿ ಬಿದ್ದಿದೆ, ಒಂದೇ ಕಡೆ ಬಾಗಿದ್ದರೆ ವಾಲಿ ಬಿದ್ದಿದೆ.

ಪೆಟ್ಟು ಕಾಲಿನಲ್ಲೇ ನಿಲ್ಲುವುದಿಲ್ಲ, ಮೇಲಕ್ಕೂ ಏರುತ್ತದೆ. ಎಂಜಿನ್ನಿನ ಶಕ್ತಿಯನ್ನು ತಲೆಯ ಮೇಲಿನ ರೆಕ್ಕೆಗಳಿಗೆ ಮುಟ್ಟಿಸುವ ಗೇರ್‌ಬಾಕ್ಸ್ ಬಲು ಭಾರ. ಒಡಲು ನಿಂತ ಕ್ಷಣದಲ್ಲೂ ಅದು ಕೆಳಕ್ಕೆ ಜಗ್ಗುತ್ತದೆ, ಅದನ್ನು ಹಿಡಿದಿಟ್ಟ ಜಾಗದಲ್ಲಿ ಬಿರುಕು ಬೀಳಬಹುದು. ತಿರುಗುತ್ತಿರುವ ರೆಕ್ಕೆಗಳು ಆ ಹೊಡೆತಕ್ಕೆ ಕೆಳಗೆ ಬಾಗಿ ತನ್ನದೇ ಬಾಲವನ್ನು ಕತ್ತರಿಸಿದ್ದೂ ಉಂಟು. ಬಾಲದ ತುದಿಯ ಪುಟ್ಟ ರೋಟರ್‌ಗೆ ಹೋಗುವ ಶಾಫ್ಟ್ ಸೊಟ್ಟಗಾಗುತ್ತದೆ. ತಗಡಿನ ಮೇಲೆ ಸುಕ್ಕು ಬೀಳುತ್ತದೆ, ರಿವೆಟ್ ಸಡಿಲವಾಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ ಬಿರುಕುಗಳಿಗೆ ಬಣ್ಣದ ದ್ರವ ಸವರಿ, ಒರೆಸಿ, ಸಂದಿಯಿಂದ ಮತ್ತೆ ಬಣ್ಣ ಜಿನುಗುತ್ತದಾ ಎಂದು ನೋಡುತ್ತಾರೆ. ಅಲ್ಟ್ರಾಸೌಂಡ್ ಹಿಡಿಯುತ್ತಾರೆ, ಎಡ್ಡಿ ಕರೆಂಟ್ ಪರೀಕ್ಷೆ ಮಾಡುತ್ತಾರೆ. ತಯಾರಕ ಕಂಪನಿಗಳು ಕೊಡುವ ನಿರ್ವಹಣಾ ಕೈಪಿಡಿಗಳಲ್ಲಿ ಹಾರ್ಡ್ ಲ್ಯಾಂಡಿಂಗ್ ಆದ ಮೇಲೆ ಏನೇನು ಬಿಚ್ಚಿ ನೋಡಬೇಕೆಂಬ ಪ್ರತ್ಯೇಕ ಪಟ್ಟಿಯೇ ಇರುತ್ತದೆ. ಅಂದರೆ ‘ಹೆಲಿಕಾಪ್ಟರ್‌ಗೆ ಸಣ್ಣಪುಟ್ಟ ಹಾನಿಯಾಗಿದೆ’ ಎಂದು ಘಟನೆ ನಡೆದ ಅರ್ಧ ಗಂಟೆಯಲ್ಲಿ ಬೈಟ್ ಕೊಡುವ ಅಧಿಕಾರಿಗೆ ಅದು ಸಣ್ಣದೋ ಪುಟ್ಟದೋ ಗೊತ್ತಿರಲು ಸಾಧ್ಯವೇ ಇಲ್ಲ. ಆ ಮಾತನ್ನು ಹಾಗೇ ಅಚ್ಚು ಹಾಕುವವರಿಗೂ ಅಷ್ಟೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಲ ಮೊದಲು ಮುರಿದು ಆಮೇಲೆ ಬಿತ್ತೋ, ಬಿದ್ದದ್ದರಿಂದ ಬಾಲ ಮುರಿಯಿತೋ? ಮೊದಲನೆಯದಾದರೆ ನಿರ್ವಹಣೆಯ ಪ್ರಶ್ನೆ, ಬಿಡಿಭಾಗದ ಪ್ರಶ್ನೆ. ಅದೇ ಮಾದರಿಯ ಬೇರೆ ಹೆಲಿಕಾಪ್ಟರ್‌ಗಳನ್ನೂ ನಿಲ್ಲಿಸಬೇಕಾಗಬಹುದು. ಎರಡನೆಯದಾದರೆ ಗಾಳಿ, ಭಾರ, ಎತ್ತರ, ಪೈಲಟ್‌ನ ತೀರ್ಮಾನ, ಹೆಲಿಪ್ಯಾಡ್‌ನ ಸ್ಥಿತಿ. ಉತ್ತರ ಲೋಹದಲ್ಲೇ ಬರೆದಿರುತ್ತದೆ. ನಮ್ಮೂರ ಕಮ್ಮಾರನಿಗೆ ಮುರಿದ ಗಾಡಿಯ ಅಚ್ಚು ತೋರಿಸಿ ನೋಡಿ. ಮುರಿದ ಮುಖ ಮಬ್ಬಾಗಿದ್ದರೆ ‘ಇದು ಹಳೇ ಸೀಳು, ಬಹಳ ದಿನದಿಂದ ಬಿಡ್ತಾ ಇತ್ತು’ ಅನ್ನುತ್ತಾನೆ. ಫಳಫಳ ಹೊಳೆಯುತ್ತಿದ್ದರೆ ‘ಈಗ ಹೊಡೆತಕ್ಕೆ ಮುರಿದದ್ದು’ ಅನ್ನುತ್ತಾನೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಿಧಾನವಾಗಿ ಬೆಳೆದ ಬಿರುಕು ಮರದ ಉಂಗುರಗಳಂತೆ ಗೆರೆ ಬಿಟ್ಟಿರುತ್ತದೆ, ಒಂದೇ ಏಟಿಗೆ ಮುರಿದದ್ದು ಒರಟಾಗಿರುತ್ತದೆ. ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ಎಷ್ಟೋ ಬಾರಿ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ. ಹಾಗಾಗಿ ಆ ಮುರಿದ ತುಂಡೇ ಅದರ ಬ್ಲ್ಯಾಕ್ ಬಾಕ್ಸ್.

ಆ ತುಂಡಿನ ಗತಿ ಏನಾಗುತ್ತದೆ ಎಂಬುದಕ್ಕೂ ಕೇದಾರನಾಥವೇ ಉದಾಹರಣೆ. 2024ರ ಮೇ 24ರಂದು ಸಿರ್ಸಿಯಿಂದ (ನಮ್ಮ ಶಿರಸಿಯಲ್ಲ, ಅಲ್ಲಿನದೇ ಒಂದು ಊರು) ಯಾತ್ರಿಕರನ್ನು ಹೊತ್ತು ಬಂದ ಖಾಸಗಿ ಹೆಲಿಕಾಪ್ಟರ್ ಕೇದಾರದ ಹೆಲಿಪ್ಯಾಡ್ ಬಳಿ ಗಿರಗಿರನೆ ತಿರುಗಿ ಇಳಿಜಾರಿನಲ್ಲಿ ಕೂತಿತು. ಎಲ್ಲರೂ ಪಾರು, ಯಥಾಪ್ರಕಾರ ಶೀರ್ಷಿಕೆ. ಮೂರು ತಿಂಗಳ ನಂತರ, ಆಗಸ್ಟ್ 31ರಂದು, ಅದನ್ನು ರಿಪೇರಿಗೆಂದು ಗೌಚರ್ ಏರ್‌ಸ್ಟ್ರಿಪ್‌ಗೆ ಸಾಗಿಸಬೇಕಾಗಿತ್ತು. ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಹಗ್ಗ ಕಟ್ಟಿ ಎತ್ತಿತು. ಭಾರಕ್ಕೂ ಗಾಳಿಗೂ ಸಮತೋಲನ ತಪ್ಪಿತು. ಹೊತ್ತದ್ದನ್ನು ಬಿಡದಿದ್ದರೆ ಎತ್ತಿದ್ದೂ ಬೀಳುತ್ತಿತ್ತು. ದಾರಿಯಲ್ಲೇ ಮಂದಾಕಿನಿ ಕಣಿವೆಗೆ ಬಿಟ್ಟುಬಿಟ್ಟರು. ಒಮ್ಮೆ ಬಿದ್ದು ಉಳಿದದ್ದು ಎರಡನೆಯ ಸಲ ಬಿದ್ದು ನುಚ್ಚುನೂರಾಯಿತು. ವಾಯುಪಡೆಯ ಪೈಲಟ್ ಮಾಡಿದ್ದು ಸರಿಯೇ, ಅದರಲ್ಲಿ ನಮ್ಮದೇನೂ ದೂರಿಲ್ಲ. ಈ ಎರಡನೇ ಬೀಳುವಿಕೆಯ ವಿಡಿಯೊ ಮೊದಲನೆಯದಕ್ಕಿಂತ ಜೋರಾಗಿ ಓಡಿತು. ಮೇ 24ರಂದು ಬಾಲದಲ್ಲಿ ಆದದ್ದೇನು ಎಂದು ಆ ದಿನವಾದರೂ ಯಾವ ನಿರೂಪಕರೂ ಕೇಳಿದ್ದನ್ನು ನಾವು ಕಾಣಲಿಲ್ಲ.

‘ಯಾರಿಗೂ ಗಾಯವಾಗಿಲ್ಲ, ಇದೊಂದು ಚಿಕ್ಕ ಘಟನೆ’ ಎನ್ನುವವರಿಗೆ ಕಾನೂನು ತೋರಿಸಬೇಕು. ವಿಮಾನ ಅಪಘಾತಗಳ ತನಿಖೆಗೆ ನಮ್ಮ ದೇಶದಲ್ಲಿ ಪ್ರತ್ಯೇಕ ನಿಯಮಗಳಿವೆ. ಅವು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧವನ್ನು ಅನುಸರಿಸಿದವು. ಅವುಗಳ ಪ್ರಕಾರ ಜೀವ ಹೋದರೆ, ತೀವ್ರ ಗಾಯವಾದರೆ ಮಾತ್ರ ಅಪಘಾತ ಎಂದಿಲ್ಲ. ಯಂತ್ರದ ಗಟ್ಟಿತನಕ್ಕೋ ಹಾರುವ ಗುಣಕ್ಕೋ ಧಕ್ಕೆ ತರುವಂತೆ ಅದರ ಚೌಕಟ್ಟು ಮುರಿದು, ದೊಡ್ಡ ರಿಪೇರಿಯೇ ಬೇಕಾದರೆ ಅದೂ ಅಪಘಾತವೇ. ಒಳಗಿದ್ದವರಿಗೆ ಒಂದು ಗೀರು ಬೀಳದಿದ್ದರೂ ಸರಿ. ಸ್ಕಿಡ್‌ಗೆ ಅಷ್ಟಿಷ್ಟು ಏಟಾದದ್ದು, ರೆಕ್ಕೆಗೆ ಸಣ್ಣ ಗಾಯವಾದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲೇ ಇರುವುದು ಗಂಟು. ಅಪಘಾತ ಅಥವಾ ಗಂಭೀರ ಘಟನೆ ಎಂದಾದರೆ, 2,250 ಕಿಲೋಗಿಂತ ಭಾರದ ಯಂತ್ರವಾದರೆ, ವಿಮಾನ ಅಪಘಾತ ತನಿಖಾ ಬ್ಯೂರೊ ಅಂದರೆ ಎಎಐಬಿ ಬರಬೇಕು, ವರದಿ ಬರೆಯಬೇಕು, ಅಂತಿಮ ವರದಿ ಎಲ್ಲರಿಗೂ ಸಿಗಬೇಕು. ಬರೀ ‘ಘಟನೆ’ ಎಂದಾದರೆ ವಿಷಯ ಡಿಜಿಸಿಎ ಮಟ್ಟದಲ್ಲೇ ಮುಗಿಯಬಹುದು. ಸ್ಥಳದಲ್ಲಿ ನಿಂತ ವರದಿಗಾರ ಬಾಲ ಪೂರ್ತಿ ಮುರಿದಿತ್ತು ಎಂದು ಬರೆದರೂ, ಸ್ಕಿಡ್ ಬಾಗಿತ್ತು ಎಂದಷ್ಟೇ ಬರೆದರೂ ಓದುಗನಿಗೆ ಒಂದೇ ಅನ್ನಿಸೀತು. ಯಾವ ತನಿಖೆ ನಡೆಯಬೇಕು ಎಂಬುದಕ್ಕೆ ಮಾತ್ರ ಅದೇ ಆಧಾರ.

ವರದಿ ಬಂದರೆ ಏನು ಸಿಗುತ್ತದೆ ಎನ್ನುತ್ತೀರಾ? 2025ರ ಮೇ 8ರಂದು ಗಂಗೋತ್ರಿ ಕಡೆ ಹೊರಟ ಹೆಲಿಕಾಪ್ಟರ್ ಉತ್ತರಕಾಶಿ ಜಿಲ್ಲೆಯ ಗಂಗ್ನಾನಿ ಬಳಿ ಬಿದ್ದು ಆರು ಮಂದಿ ಸತ್ತರು. ಮೊದಲ ದಿನ ಅಲ್ಲೂ ಹತ್ತು ಊಹೆ. ಎಎಐಬಿಯ ಪ್ರಾಥಮಿಕ ವರದಿ ಬಂದಾಗ ತಿಳಿದದ್ದೇ ಬೇರೆ. ಪೈಲಟ್ ಹೆದ್ದಾರಿಯ ಮೇಲೆ ಇಳಿಸಲು ನೋಡಿದ್ದರು, ರಸ್ತೆಯ ಪಕ್ಕದಲ್ಲೇ ಹಾದುಹೋಗಿದ್ದ ಫೈಬರ್ ಕೇಬಲ್‌ಗೆ ರೆಕ್ಕೆ ತಗುಲಿತ್ತು. ಇಂಟರ್‌ನೆಟ್ಟಿಗೆಂದು ಕಂಬದಿಂದ ಕಂಬಕ್ಕೆ ಎಳೆದ ಒಂದು ತಂತಿ! ಇಷ್ಟು ಖಚಿತವಾದ ಮಾತು ಸಿಕ್ಕಿದ್ದು ಆರು ಹೆಣ ಬಿದ್ದ ಮೇಲೆ. ಯಾರೂ ಸಾಯದ ಹಾರ್ಡ್ ಲ್ಯಾಂಡಿಂಗ್‌ಗಳ ಬಗ್ಗೆಯೂ ಇಷ್ಟೇ ಖಚಿತವಾಗಿ, ಇಷ್ಟೇ ಬೇಗ ಊರಿಗೆಲ್ಲ ಕೇಳುವಂತೆ ಹೇಳಿ ಎಂದು ಕೇಳುವುದು ಅತಿಯಾಸೆಯೇ?

ಆ ಬೇಸಿಗೆಯನ್ನೇ ನೋಡಿ. ಮೇ 8 ಗಂಗ್ನಾನಿ. ಮೇ 17 ಕೇದಾರದ ಆಂಬುಲೆನ್ಸ್. ಜೂನ್ 7ಕ್ಕೆ ಗುಪ್ತಕಾಶಿ ಸಮೀಪ ಯಾತ್ರಿಕರಿದ್ದ ಹೆಲಿಕಾಪ್ಟರ್ ಹೆದ್ದಾರಿಯ ಮೇಲೇ ಇಳಿದು, ಅದರ ಬಾಲ ಮುರಿದು ನಿಂತಿದ್ದ ಕಾರಿನ ಮೇಲೆ ಬಿತ್ತು. ಜೂನ್ 15ಕ್ಕೆ ಗೌರಿಕುಂಡದ ಬಳಿ ಇನ್ನೊಂದು ಪತನವಾಗಿ ಏಳು ಜನ ಹೋದರು, ಅವರಲ್ಲೊಂದು ಮಗು. ಅದಕ್ಕೂ ಮೂರು ದಿನ ಮೊದಲು ಅಹಮದಾಬಾದ್ ದುರಂತವಾಗಿತ್ತು. ದೇಶದ ಗಮನವೆಲ್ಲ ಆ ಕಡೆಗಿತ್ತು, ಅದು ಸಹಜವೇ. ತಿಂಗಳಲ್ಲಿ ಅದರ ಪ್ರಾಥಮಿಕ ವರದಿ ಬಂದಾಗ ಇಂಧನ ಸ್ವಿಚ್ ಬಗ್ಗೆ ಕನ್ನಡದ ಪ್ರತಿ ಚಾನೆಲ್ ಗಂಟೆಗಟ್ಟಲೆ ಮಾತಾಡಿತು. ಅಂದರೆ ವಿಮಾನದ ತಾಂತ್ರಿಕತೆ ನಮ್ಮ ಪ್ರೇಕ್ಷಕರಿಗೆ ಅರ್ಥವಾಗುವುದಿಲ್ಲ ಎಂಬ ನೆಪ ಅಂದೇ ಬಿದ್ದುಹೋಯಿತು.

ಕೇದಾರದ ವಿಷಯ ನಮಗೇಕೆ ಎನ್ನುವ ಡೆಸ್ಕ್‌ಗಳಿವೆ. ಅಲ್ಲಿನ ರಾವಲರು ವೀರಶೈವ ಪರಂಪರೆಯವರು, ಕರ್ನಾಟಕದೊಂದಿಗೆ ಆ ಪೀಠದ ನಂಟು ಇಂದಿನದಲ್ಲ. ಕಲಬುರ್ಗಿ, ವಿಜಯಪುರ, ಹಾವೇರಿ ಕಡೆಯಿಂದ ಪ್ರತಿ ವರ್ಷ ಹೋಗುವ ಅಜ್ಜ ಅಜ್ಜಿಯರಲ್ಲಿ ಮಂಡಿನೋವಿನವರು ಗೌರಿಕುಂಡದಿಂದ ನಡೆಯಲಾರರು, ಹೆಲಿಕಾಪ್ಟರ್ ಟಿಕೆಟ್ ಹಿಡಿಯುತ್ತಾರೆ. ಮಗ ಮೊಬೈಲಿನಲ್ಲಿ ಬುಕ್ ಮಾಡಿಕೊಟ್ಟಿರುತ್ತಾನೆ. ಹೋದ ವಾರ ಆ ಹೆಲಿಕಾಪ್ಟರ್ ಜೋರಾಗಿ ಕುಕ್ಕರಿಸಿತ್ತೋ, ಅದನ್ನು ಪೈಲಟ್ ಲಾಗ್ ಪುಸ್ತಕದಲ್ಲಿ ಬರೆದರೋ, ಯಾರಾದರೂ ಸ್ಕಿಡ್ ಅಳೆದರೋ ಎಂದು ತಿಳಿಯುವ ದಾರಿ ಆ ಅಜ್ಜಿಗೆ ಇಲ್ಲ. ಕೇದಾರದ ಎತ್ತರ 3,583 ಮೀಟರ್. ಅಲ್ಲಿನ ತೆಳು ಗಾಳಿಯಲ್ಲಿ ರೆಕ್ಕೆಗೆ ಸಿಗುವ ಹಿಡಿತವೇ ಕಡಿಮೆ, ಎಂಜಿನ್ನಿಗೆ ಉಳಿಯುವ ಹೆಚ್ಚುವರಿ ಶಕ್ತಿಯೂ ಕಡಿಮೆ. ಅಂಥಲ್ಲಿ ದಿನಕ್ಕೆ ಹತ್ತಾರು ಸಲ ಏರಿ ಇಳಿಯುವ ಯಂತ್ರದ ಒಂದು ಒರಟು ಇಳಿತವೂ ಲೆಕ್ಕಕ್ಕೆ ಬರಬೇಕು.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಚುನಾವಣೆ ಬಂದರೆ ಕಾಲೇಜು ಮೈದಾನ, ಎಪಿಎಂಸಿ ಪಕ್ಕದ ಬಯಲು, ಯಾರದೋ ಹೊಲ ಎಲ್ಲವೂ ಹೆಲಿಪ್ಯಾಡ್. ಬಿಸಿಲೂರುಗಳಲ್ಲಿ ಏಪ್ರಿಲ್ ಮೇ ತಿಂಗಳ ಕಾದ ಗಾಳಿ ಬೆಟ್ಟದ ಗಾಳಿಯ ಹಾಗೇ ತೆಳು, ಅದರ ಮೇಲೆ ದೂಳು. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಸುತ್ತಲಿನ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಎದ್ದು ಹಾರಾಡಿದವು. ಪೈಲಟ್ ಇಳಿಸದೆ ಮೇಲೇರಿದರು, ಕಸ ತೆಗೆಸಿದ ಮೇಲೆ ಇಳಿಸಿದರು. ಆ ಪೈಲಟ್‌ಗೆ ಕೈ ಮುಗಿಯಬೇಕು. ಆದರೆ ಆ ಜಾಗ ಇಳಿಯಲು ಯೋಗ್ಯ ಎಂದು ಮೊದಲೇ ಸಹಿ ಹಾಕಿದವರು ಯಾರು? ಅದಕ್ಕೂ ಹಿಂದೆ, 2017ರ ಮೇ 25ರಂದು, ನಮ್ಮ ಬೀದರ್ ಗಡಿಯಾಚೆಗಿನ ಲಾತೂರ್ ಜಿಲ್ಲೆಯ ನಿಲಂಗಾದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಇದ್ದ ಸರ್ಕಾರಿ ಸಿಕೋರ್ಸ್ಕಿ ಮೇಲೇರುತ್ತಲೇ ಕುಸಿದು, ತಂತಿಗಳಿಗೆ ಸಿಕ್ಕಿ ಮನೆಗಳ ಹತ್ತಿರವೇ ಬಿದ್ದಿತ್ತು. ನಿಲಂಗಾದಲ್ಲೂ ತಂತಿ, ಗಂಗ್ನಾನಿಯಲ್ಲೂ ತಂತಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ತಂತಿ ಇಲ್ಲದ ಬಯಲು ಎಲ್ಲಿದೆ ತೋರಿಸಿ.

ಒಮ್ಮೆ ಪ್ರಚಾರದ ಹೊತ್ತಿನಲ್ಲಿ ತಾತ್ಕಾಲಿಕ ಹೆಲಿಪ್ಯಾಡ್ ಒಂದರ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋಗಿದ್ದನ್ನು, ನೀರು ಚಿಮುಕಿಸದೆ ದೂಳೆದ್ದು ಜನ ಚೆಲ್ಲಾಪಿಲ್ಲಿಯಾದದ್ದನ್ನು ನಮ್ಮ ಬಳಗದ ಒಬ್ಬರು ಫೋಟೊ ಸಮೇತ ಬರೆದು ಕಳಿಸಿದ್ದರು. ಅಚ್ಚಾದದ್ದು ನಾಯಕರ ಭಾಷಣ ಮಾತ್ರ. ಫೋನ್ ಮಾಡಿ ಕೇಳಿದರೆ ‘ಏನೂ ಆಗಿಲ್ವಲ್ಲಪ್ಪ, ಆದಾಗ ನೋಡೋಣ’ ಎಂಬ ಉತ್ತರ. ಆದಾಗ ನೋಡೋಣ!

ಬೆಂಗಳೂರಿನಲ್ಲೇ ಹುಟ್ಟಿದ ಹೆಲಿಕಾಪ್ಟರ್ ಕತೆಯೂ ಇದೇ. 2023ರ ಮೇ 2ರಂದು ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಹೊಸಕೋಟೆ ಬಳಿ ಹದ್ದು ಬಡಿದು ಗಾಜು ಪುಡಿಯಾಯಿತು, ಎಚ್‌ಎಎಲ್‌ನಲ್ಲಿ ತುರ್ತಾಗಿ ಇಳಿಯಿತು. ನಮ್ಮ ಫೋನುಗಳ ತುಂಬ ಅದೇ. ಎರಡೇ ದಿನಕ್ಕೆ, ಮೇ 4ರಂದು, ಎಚ್‌ಎಎಲ್ ರೂಪಿಸಿದ ಸೇನೆಯ ಧ್ರುವ್ ಜಮ್ಮು ಮತ್ತು ಕಾಶ್ಮೀರದ ಕಿಶ್ತ್ವಾರ್‌ನಲ್ಲಿ ನದಿ ದಡದಲ್ಲಿ ಹಾರ್ಡ್ ಲ್ಯಾಂಡಿಂಗ್ ಆಗಿ ತಂತ್ರಜ್ಞ ಯೋಧರೊಬ್ಬರು ತೀರಿಕೊಂಡರು. ಅದೇ ವರ್ಷ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೆ ಪುಟಗಟ್ಟಲೆ ಜಾಗ ಕೊಟ್ಟವರು ಕಿಶ್ತ್ವಾರ್‌ಗೆ ಎಷ್ಟು ಕೊಟ್ಟರು ಎಂದು ತಮ್ಮ ಕಡತ ತೆಗೆದು ನೋಡಿಕೊಳ್ಳಲಿ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದು ಮೂವರು ಸತ್ತ ಮೇಲೆ ದೇಶದ ಎಲ್ಲ ಧ್ರುವ್‌ಗಳನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಸೇನೆಯ ತನಿಖೆಗಳು ಹೊರಗೆ ಬರುವುದಿಲ್ಲ, ಅದು ಬೇರೆಯದೇ ಜಗಳ. ಆದರೆ ಕಾರ್ಖಾನೆ ನಮ್ಮ ಹೆಮ್ಮೆಯಾದರೆ, ನಮ್ಮಲ್ಲಿ ರೂಪುಗೊಂಡದ್ದು ಯಾಕೆ ಒರಟಾಗಿ ಇಳಿಯಿತು ಎಂದು ಕೇಳುವುದೂ ನಮ್ಮ ಕೆಲಸವೇ.

ನಮಗೆ ಎದುರಾಗುವ ದೊಡ್ಡ ಆಕ್ಷೇಪಣೆಯೊಂದಿದೆ: ‘ತನಿಖೆ ತನಿಖೆ ಎಂದು ಬೊಬ್ಬೆ ಹಾಕಿದರೆ ಪೈಲಟ್‌ಗಳ ಮೇಲೆ ಬರುತ್ತದೆ, ಪಾಪ ಅವರೇ ಜೀವ ಉಳಿಸಿದವರು’. ಈ ಮಾತಿನಲ್ಲಿ ಅರ್ಧ ನಿಜವಿದೆ. ಚರ್ಚೆಯ ಹೆಸರಿನಲ್ಲಿ ಸಂಜೆಯೇ ‘ಪೈಲಟ್ ಎಡವಟ್ಟು’ ಎಂದು ತೀರ್ಪು ಕೊಡುವ ಚಾನೆಲ್‌ಗಳು ತನಿಖೆಗೆ ಮಾಡುವ ದ್ರೋಹ ಸಣ್ಣದಲ್ಲ. 13ನೇ ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ, ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದು, ತಪ್ಪು ಹೊರಿಸುವುದಲ್ಲ ಎಂದು. ಜೋರಾಗಿ ಇಳಿದೆ ಎಂದು ಒಪ್ಪಿಕೊಂಡ ಪೈಲಟ್‌ನನ್ನು ಟಿವಿಯಲ್ಲಿ ನೇಣಿಗೆ ಹಾಕಿದರೆ, ಮುಂದಿನ ಪೈಲಟ್ ಬಾಯಿ ಬಿಡುವುದಿಲ್ಲ. ಬಾಗಿದ ಕೊಳವೆಯನ್ನು ಯಾರೂ ಅಳೆಯುವುದಿಲ್ಲ, ಮರುದಿನ ಅದರಲ್ಲೇ ಐದು ಜನ ಹತ್ತುತ್ತಾರೆ. ಹಾಗಾಗಿ ನಮಗೆ ಪೈಲಟ್‌ನ ಹೆಸರು ಬೇಡ. ವರದಿ ಬೇಕು.

ಸ್ಟ್ರಿಂಗರ್‌ಗೆ ಇಷ್ಟೆಲ್ಲ ಆಗುತ್ತದಾ, ಸುದ್ದಿಗೆ ಇಷ್ಟು ಎಂದು ಕಾಸು ಸಿಗುವವನು ಫಾಲೋಅಪ್‌ಗೆ ಪೆಟ್ರೋಲ್ ಎಲ್ಲಿಂದ ತರುತ್ತಾನೆ ಎಂದು ಕೇಳಬಹುದು. ಪೆಟ್ರೋಲ್ ಬೇಡದ ಕೆಲಸ ಬಹಳವಿದೆ. ಸ್ಥಳಕ್ಕೆ ಮೊದಲು ತಲುಪುವವರಲ್ಲಿ ನಾವೂ ಇರುತ್ತೇವೆ. ನೆಲದ ಮೇಲೆ ಸ್ಕಿಡ್ ಮೊದಲು ಗೀರಿದ ಜಾಗ, ಕೊನೆಗೆ ನಿಂತ ಜಾಗ, ನಡುವೆ ಎಷ್ಟು ಹೆಜ್ಜೆ. ಬಾಲದ ತುಂಡು ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿ ಬಿದ್ದಿದೆ. ಹತ್ತಿರದ ಕಂಬ ಯಾವುದು. ಈ ಫೋಟೊಗಳು ನಾಯಕರ ಮುಖಕ್ಕಿಂತ ಬೆಲೆಬಾಳುತ್ತವೆ. ಮುಟ್ಟಬೇಡಿ, ತುಂಡು ಎತ್ತಿಕೊಂಡು ಸೆಲ್ಫಿ ತೆಗೆಯುವವರನ್ನೂ ತಡೆಯಿರಿ. ಜೀವ ಉಳಿಸಲು, ಬೆಂಕಿ ತಪ್ಪಿಸಲು ಬಿಟ್ಟರೆ ಅವಶೇಷ ಅಲುಗಿಸುವಂತಿಲ್ಲ ಎಂಬುದು ನಿಯಮ. ಕಾವಲಿಗೆ ಬರುವ ಠಾಣೆಯ ಪೊಲೀಸರಿಗೂ ಅದನ್ನು ನೆನಪಿಸಬೇಕಾಗಬಹುದು. ಆಮೇಲೆ ಲೋಕೋಪಯೋಗಿ ಇಲಾಖೆಗೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ: ಹೆಲಿಪ್ಯಾಡ್ ಸ್ಥಳ ಪರಿಶೀಲನೆಯ ಟಿಪ್ಪಣಿ, ಸಹಿ, ದಿನಾಂಕ. ಡಿಜಿಸಿಎಗೆ ಇನ್ನೊಂದು: ಈ ಘಟನೆಯನ್ನು ಯಾವ ವರ್ಗಕ್ಕೆ ಸೇರಿಸಿದಿರಿ, ತನಿಖೆ ಯಾರಿಗೆ ಒಪ್ಪಿಸಿದಿರಿ. ತನಿಖೆಗೆ ಅಡ್ಡಿಯಾಗುತ್ತದೆಂದು 8(1)(ಎಚ್) ತೋರಿಸಿ ತಳ್ಳಿಹಾಕಬಹುದು. ಹೇಗೆ ಅಡ್ಡಿಯಾಗುತ್ತದೆಂದು ಮೇಲ್ಮನವಿಯಲ್ಲಿ ಕೇಳಿ. ಎಎಐಬಿ ವೆಬ್‌ಸೈಟನ್ನು ತಿಂಗಳಿಗೊಮ್ಮೆ ತೆರೆದು ನೋಡಿ. ವರದಿ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಕನ್ನಡಕ್ಕೆ ತಿರುಗಿಸಿ ಹಾಕುವ ಜವಾಬ್ದಾರಿ ಈ ಬ್ಲಾಗಿನದು.

ಈ ತಿಂಗಳಿನಿಂದ ನಾವು ಇಲ್ಲಿ ಒಂದು ಕಡತ ತೆರೆಯುತ್ತಿದ್ದೇವೆ. ಕರ್ನಾಟಕದಲ್ಲಿ ಇಳಿಯುವಾಗ ಏಟು ತಿಂದ, ಇಳಿಯಲಾಗದೆ ವಾಪಸಾದ ಪ್ರತಿ ಹೆಲಿಕಾಪ್ಟರ್‌ಗೂ ಒಂದು ಪುಟ: ದಿನ, ಊರು, ಹಾನಿ, ತನಿಖೆ ಯಾರದು, ವರದಿ ಬಂತೇ ಇಲ್ಲವೇ. ಮೊದಲ ಪುಟ ಜೇವರ್ಗಿಯದು. ನಿಮ್ಮ ತಾಲ್ಲೂಕಿನ ತಾತ್ಕಾಲಿಕ ಹೆಲಿಪ್ಯಾಡ್‌ಗಳ ಫೋಟೊ ಇದ್ದರೆ ಕಳಿಸಿ. ಸುತ್ತಲಿನ ಕಂಬ, ತಂತಿ ಕಾಣುವಂತೆ ದೂರದಿಂದ ತೆಗೆದದ್ದಾಗಿರಲಿ, ದಿನಾಂಕ ಬರೆದಿರಲಿ.